ಮಾಳಗಿ ಹತ್ತಿದ ಬಿ.ಪಿ.

ನಮ್ಮ ಮನೆಯ ಒಂದು ವಾಟ್ಸಾಪ್ ಗ್ರೂಪಿಗೆ ‘ಅವ್ವನ ಶುಗರ್’ ಅಂತ ಹೆಸರು. 2020ರ ಏಪ್ರಿಲ್‌ನಲ್ಲಿ ಶುರುವಾದಾಗ ಅದರಲ್ಲಿ 11 ಜನ ಇದ್ದರು. ಈಗ ಮೂರೇ ಜನ. ಉಳಿದ ಎಂಟು ಮಂದಿ ಯಾಕೆ ಹೊರಗೆ ಹೋದರು ಅನ್ನೋದನ್ನ ಆಮೇಲೆ ಹೇಳ್ತೀನಿ. ಆ ಗ್ರೂಪ್ ಯಾಕೆ ಬೇಕಾಯ್ತು ಅನ್ನೋದು ಮೊದಲು.

ಅವ್ವ ಇರೋದು ಭಾಲ್ಕಿಯಲ್ಲಿ. ಅವಳಿಗೆ ಆಗಲೇ 12 ವರ್ಷದಿಂದ ಶುಗರ್ ಇತ್ತು, ಜೊತೆಗೆ ಬಿ.ಪಿ. ಅವಳ ಅಣ್ಣ, ಅಂದರೆ ನಮ್ಮ ಮಾಮಾ, ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇದ್ದಾರೆ. ಅವರಿಗೂ ಬಿ.ಪಿ. ಇಬ್ಬರನ್ನೂ ವರ್ಷಗಳಿಂದ ನೋಡುತ್ತಿರುವ ಡಾಕ್ಟರ್ ಇರೋದು ಬೀದರ್ ನಗರದಲ್ಲಿ. ನಾನು ಸಾಫ್ಟ್‌ವೇರ್ ನೌಕರಿ ಹಿಡಿದು ಬೆಂಗಳೂರಿನಲ್ಲಿ. ಭಾಲ್ಕಿಯಿಂದ ಬೀದರ್‌ಗೆ ಸುಮಾರು 40 ಕಿಲೋಮೀಟರ್, ಔರಾದ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನಿಂದ ಮಾತ್ರ ಒಂದಿಡೀ ರಾತ್ರಿಯ ಪ್ರಯಾಣ.

ಎರಡು ತಿಂಗಳಿಗೊಮ್ಮೆ ಅವ್ವ ಖಾಲಿ ಹೊಟ್ಟೆಯಲ್ಲೇ ಬೆಳಗಿನ ಬಸ್ಸೋ ರೈಲೋ ಹತ್ತಿ ಬೀದರ್‌ಗೆ ಹೋಗೋಳು. ಲ್ಯಾಬ್‌ನಲ್ಲಿ ರಕ್ತ ಕೊಟ್ಟು, ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಎರಡು ತಾಸು ಬಿಟ್ಟು ಮತ್ತೊಮ್ಮೆ ರಕ್ತ ಕೊಟ್ಟು, ಆಮೇಲೆ ಡಾಕ್ಟರ್ ಕೋಣೆ ಮುಂದೆ ಪಾಳಿಗೆ ಕೂರೋದು. ಮಾಮಾ ಕೂಡ ಅದೇ ದಿನ ನೋಡಿಕೊಂಡು ಬರೋರು. ಅಣ್ಣ-ತಂಗಿ ನೆಮ್ಮದಿಯಾಗಿ ಮಾತಾಡೋ ಜಾಗ ಅದೇ ಬೆಂಚು. ಇಡೀ ದಿನ ಹೋಗುತ್ತಿತ್ತು, ಆದರೆ ಕೆಲಸ ಆಗುತ್ತಿತ್ತು.

ಯುಗಾದಿ ದಿನ ಎಲ್ಲ ಬಂದ್

2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಪಕ್ಕದ ಕಲಬುರಗಿಯವರದ್ದು. ಮಾರ್ಚ್ 22ರ ಜನತಾ ಕರ್ಫ್ಯೂ ದಿನದಿಂದ ರೈಲು ನಿಂತವು. ಮಾರ್ಚ್ 25, ಯುಗಾದಿ ಹಬ್ಬದ ದಿನ, ದೇಶಕ್ಕೆ ದೇಶವೇ ಲಾಕ್‌ಡೌನ್.

ಬೀದರ್‌ನವರಿಗೆ ಇದರ ಪೆಟ್ಟು ಇನ್ನೊಂದು ಥರದ್ದು. ನಮ್ಮದು ರಾಜ್ಯದ ತುತ್ತತುದಿ. ಒಂದು ಮಗ್ಗುಲಿಗೆ ತೆಲಂಗಾಣ, ಇನ್ನೊಂದು ಮಗ್ಗುಲಿಗೆ ಮಹಾರಾಷ್ಟ್ರ. ಸ್ವಲ್ಪ ಸೀರಿಯಸ್ ಅಂದರೆ ಜನ ಹೈದರಾಬಾದ್‌ಗೆ ಓಡ್ತಾರೆ. ಔರಾದ್, ಕಮಲನಗರ ಕಡೆಯವರಿಗೆ ಉದಗೀರ್, ಲಾತೂರ್ ಹತ್ತಿರ. ದಿನನಿತ್ಯ ದಾಟುವ ಆ ಗೆರೆಗಳು ಒಂದೇ ರಾತ್ರಿಯಲ್ಲಿ ಗಡಿಗಳಾಗಿಬಿಟ್ಟವು, ಅಲ್ಲಿ ಬ್ಯಾರಿಕೇಡ್ ಬಂತು.

ಶುಗರ್, ಬಿ.ಪಿ. ಇದ್ದವರಿಗೆ ಕೋವಿಡ್ ಜಾಸ್ತಿ ಅಪಾಯ ಅಂತ ಟಿ.ವಿ.ಯಲ್ಲಿ ದಿನಾ ಹೇಳೋರು. ಆಸ್ಪತ್ರೆಗೆ ಹೋದರೆ ಸೋಂಕಿನ ಭಯ, ಹೋಗದಿದ್ದರೆ ಶುಗರ್ ಏರುವ ಭಯ. ಅವ್ವನ ಹತ್ತಿರ ಇದ್ದ ಮಾತ್ರೆ ಏಪ್ರಿಲ್ ಎರಡನೇ ವಾರದ ತನಕ ಮಾತ್ರ.

ಆಗ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಸಂಗತಿ ನಡೆದಿತ್ತು. ಅದೇ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ಅಲ್ಲಿಯ ತನಕ ಫೋನಿನಲ್ಲಿ ಔಷಧಿ ಬರೆದುಕೊಡಬಹುದೋ ಇಲ್ಲವೋ ಅನ್ನುವುದರ ಬಗ್ಗೆ ಡಾಕ್ಟರುಗಳಿಗೇ ಅನುಮಾನ ಇತ್ತು. ಫೋನ್, ವಿಡಿಯೋ, ಮೆಸೇಜ್ ಮೂಲಕ ನೋಡಬಹುದು, ಚೀಟಿಯ ಫೋಟೋ ಕಳಿಸಬಹುದು ಅಂತ ಮಾರ್ಗಸೂಚಿ ಹೇಳಿತು. ಆರು ತಿಂಗಳ ಒಳಗೆ ಅದೇ ಡಾಕ್ಟರ್‌ಗೆ ಅದೇ ಕಾಯಿಲೆಗೆ ಎದುರಾಎದುರು ತೋರಿಸಿದ್ದರೆ ಅದು ಫಾಲೋ-ಅಪ್ ಅಂತ ಲೆಕ್ಕ. ಹಳೆಯ ಮಾತ್ರೆ ಮುಂದುವರಿಸಲು ಅಡ್ಡಿಯಿಲ್ಲ. ಏಪ್ರಿಲ್ 13ಕ್ಕೆ ಇ-ಸಂಜೀವನಿ ಒ.ಪಿ.ಡಿ. ಬಂತು. ಮೊಹಾಲಿಯ ಸಿ-ಡಾಕ್ ಕಟ್ಟಿದ ವ್ಯವಸ್ಥೆ ಇದು, ಮನೆಯಲ್ಲೇ ಕೂತು ಸರ್ಕಾರಿ ಡಾಕ್ಟರನ್ನು ಉಚಿತವಾಗಿ ವಿಡಿಯೋದಲ್ಲಿ ಕಾಣುವುದಕ್ಕೆ. ಅದನ್ನು ಹೆಚ್ಚು ಬಳಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ದೂರದಿಂದ ರೋಗಿಯನ್ನು ನೋಡೋದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. 2000ರ ದಶಕದ ಆರಂಭದಲ್ಲೇ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಸಂಪರ್ಕ ಕಲ್ಪಿಸಲಾಗಿತ್ತು. ಆದರೆ ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ. ಈ ಸಲ ಅಡುಗೆಮನೆಯಿಂದ ಡಾಕ್ಟರ್ ಫೋನಿಗೆ.

ಡಬ್ಬಿಯಲ್ಲಿದ್ದ ಮಷಿನ್

ಹಿಂದಿನ ದೀಪಾವಳಿಗೆ ನಾನು ಅವ್ವನಿಗೆ ಬ್ಲೂಟೂತ್ ಇರುವ ಒಂದು ಗ್ಲುಕೋಮೀಟರ್ ಒಯ್ದು ಕೊಟ್ಟಿದ್ದೆ. ಅದು ಅಲಮಾರಿಯಲ್ಲಿ ಡಬ್ಬಿಯ ಸಮೇತ ಕೂತಿತ್ತು. ಮಾಮಾಗೆ ಅವರ ಮಗ ಹೈದರಾಬಾದ್‌ನಿಂದ ಅಂಥದ್ದೇ ಬ್ಲೂಟೂತ್ ಬಿ.ಪಿ. ಮಷಿನ್ ತಂದಿಟ್ಟಿದ್ದ. ಏಪ್ರಿಲ್‌ನಲ್ಲಿ ಎರಡೂ ಹೊರಗೆ ಬಂದವು.

ಗ್ಲುಕೋಮೀಟರ್ ಕೆಲಸ ಮಾಡೋದು ಸರಳವಾಗಿ ಹೀಗೆ. ಸ್ಟ್ರಿಪ್‌ನ ತುದಿಯಲ್ಲಿ ಒಂದು ಕಿಣ್ವ ಇರುತ್ತೆ. ರಕ್ತದ ಹನಿಯಲ್ಲಿರುವ ಗ್ಲುಕೋಸ್ ಅದರ ಜೊತೆ ಸೇರಿದಾಗ ಒಂದು ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತೆ. ಗ್ಲುಕೋಸ್ ಎಷ್ಟು ಹೆಚ್ಚೋ ಪ್ರವಾಹ ಅಷ್ಟು ಹೆಚ್ಚು. ಅದನ್ನು ಅಳೆದು ಮಷಿನ್ ಅಂಕಿ ತೋರಿಸುತ್ತೆ. ಬ್ಲೂಟೂತ್‌ನಿಂದ ಅದು ಫೋನಿಗೆ ಬರೋದಕ್ಕೆ ಇಂಟರ್ನೆಟ್ ಬೇಕಿಲ್ಲ, ಫೋನ್ ಅದೇ ಕೋಣೆಯಲ್ಲಿದ್ದರೆ ಸಾಕು. ಫೋನಿನಿಂದ ಬೆಂಗಳೂರಿಗೆ, ಬೀದರ್‌ಗೆ ಹೋಗೋದಕ್ಕೆ ಮಾತ್ರ ನೆಟ್‌ವರ್ಕ್ ಬೇಕು.

ಅವ್ವನಿಗೆ ಆ್ಯಪ್ ಕಲಿಸಿದ್ದು ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ, ಬಾಗಿಲ ಹೊರಗೆ ನಿಂತು, ಮಾಸ್ಕ್ ಹಾಕಿಕೊಂಡು. ಬೆರಳಿನ ತುದಿಯ ನಟ್ಟನಡುವೆ ಚುಚ್ಚಿದರೆ ನೋವು ಜಾಸ್ತಿ, ಬದಿಗೆ ಚುಚ್ಚಬೇಕು. ಮುಂಚೆ ಕೈ ತೊಳೆದು ಒರೆಸಬೇಕು, ಬೆಲ್ಲ ಮುಟ್ಟಿದ ಕೈಯಲ್ಲಿ ನೋಡಿದರೆ ಸುಳ್ಳು ಅಂಕಿ ಬರುತ್ತೆ. ಇಷ್ಟನ್ನು ಡಾಕ್ಟರ್ ವಿಡಿಯೋ ಕಾಲ್‌ನಲ್ಲಿ ತೋರಿಸಿಕೊಟ್ಟರು. ಮೊದಲ ವಾರ ಬೆಳಗ್ಗೆ 170ರ ಆಸುಪಾಸು ಬಂತು. ಡಾಕ್ಟರ್ ರಾತ್ರಿ ಮಾತ್ರೆ ಬದಲಿಸಿದರು, ಚೀಟಿಯ ಫೋಟೋ ಭಾಲ್ಕಿಯ ಮೆಡಿಕಲ್‌ಗೆ ಹೋಯ್ತು, ಮಾತ್ರೆ ಮನೆಗೆ ಬಂತು. ಮೂರು ವಾರದಲ್ಲಿ 130ಕ್ಕೆ ಇಳಿಯಿತು. ಮನೆಯವರೆಲ್ಲ ಟೆಕ್ನಾಲಜಿಗೆ ಜೈ ಅಂದೆವು.

ಮಾಮಾನ ಕಥೆ ಹಾಗೆ ಆಗಲಿಲ್ಲ.

‘ಎಲ್ಲಿ ಕುಂತು ನೋಡ್ಕೋತೀರಿ?’

ಮಾಮಾನ ಬಿ.ಪಿ. ದಿನಾ 164, 170, 168. ಕೆಳಗಿನದು 100ರ ಹತ್ತಿರ. ಮಾತ್ರೆ ಅವರು ತಪ್ಪಿಸುವವರಲ್ಲ. ಗ್ರೂಪಿನಲ್ಲಿ ಎಲ್ಲರಿಗೂ ಗಾಬರಿ. ಡೋಸ್ ಹೆಚ್ಚಿಸಬೇಕು ಅಂತ ನಮ್ಮಲ್ಲೇ ಒಬ್ಬಿಬ್ಬರು ತೀರ್ಮಾನವನ್ನೂ ಕೊಟ್ಟರು. ಡಾಕ್ಟರ್ ಹೆಚ್ಚಿಸಲಿಲ್ಲ. ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದರು.

“ಕಾಕಾರೇ, ಬಿ.ಪಿ. ಎಲ್ಲಿ ಕುಂತು ನೋಡ್ಕೋತೀರಿ?”

“ಮಾಳಗಿ ಮ್ಯಾಲ್ರೀ ಸಾಹೇಬ್ರ. ಕೆಳಗ ರೇಂಜ್ ಬರಲ್ಲ ನೋಡ್ರಿ. ಮಷಿನ್ ತಗೊಂಡು ಮ್ಯಾಲ ಹೋಗ್ತೀನಿ, ನೋಡ್ಕೋತೀನಿ, ಅಲ್ಲಿಂದೇ ಕಳಸ್ತೀನಿ.”

66 ವರ್ಷದ ಮನುಷ್ಯ, ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಿ, ಏಪ್ರಿಲ್ ಬಿಸಿಲಲ್ಲಿ ಮಾಳಗಿ ಮೇಲೆ ಉಸಿರು ಬಿಡುತ್ತಾ, ಅಂಗಿಯ ತೋಳಿನ ಮೇಲೇ ಪಟ್ಟಿ ಕಟ್ಟಿಕೊಂಡು ಗುಂಡಿ ಒತ್ತುತ್ತಿದ್ದರು. ಮಷಿನ್ ಸುಳ್ಳು ಹೇಳುತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವರ ಬಿ.ಪಿ. ನಿಜವಾಗಿಯೂ 168 ಇತ್ತು. ಆದರೆ ಅದು ಮೆಟ್ಟಿಲ ಬಿ.ಪಿ., ಮಾಮಾನದ್ದಲ್ಲ.

ಡಾಕ್ಟರ್ ಹೇಳಿದ್ದು ಇಷ್ಟು. ಕೆಳಗೆ ಪಡಸಾಲೆಯಲ್ಲಿ ಕುರ್ಚಿಗೆ ಒರಗಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲು ನೆಲಕ್ಕೆ ಊರಿರಬೇಕು, ಒಂದರ ಮೇಲೊಂದು ಹಾಕಬಾರದು. ಬರಿ ತೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ. ನೋಡುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಅಂಕಿ ಮಷಿನ್‌ನಲ್ಲೂ ಫೋನಿನಲ್ಲೂ ಉಳಿದಿರುತ್ತೆ, ಸಂಜೆ ತಂಪು ಹೊತ್ತಿನಲ್ಲಿ ಯಾರಾದರೂ ಹುಡುಗರು ಫೋನ್ ಮಾತ್ರ ಮೇಲೆ ಒಯ್ದರೆ ಸಾಕು. ಮರುದಿನದಿಂದ 138, 134, 136. ಮನೆಯಲ್ಲಿ ನೋಡಿಕೊಂಡಾಗ 135/85ರ ಕೆಳಗಿದ್ದರೆ ಒಳ್ಳೆಯದು ಅನ್ನೋದು ಡಾಕ್ಟರುಗಳ ಲೆಕ್ಕ. ಅವರು ಮಾತ್ರೆ ಬದಲಿಸಲಿಲ್ಲ, ಉಪ್ಪಿನಕಾಯಿ ಕಡಿಮೆ ಮಾಡಿಸಿದರು.

ಆ ಪ್ರಶ್ನೆ ಕೇಳದೆ ಡೋಸ್ ಏರಿಸಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಯೋಚಿಸಿದ್ದೇನೆ. ಮಾತ್ರೆ ಜಾಸ್ತಿಯಾಗಿ ಬಿ.ಪಿ. ಇಳಿದು, ಅದೇ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಿದ್ದರೆ? ನನಗೆ ಈ ಇಡೀ ವಿಷಯ ಅರ್ಥವಾಗಿದ್ದು ಅಲ್ಲೇ. ಮಷಿನ್ ಅಂಕಿಯನ್ನು ಕಳಿಸುತ್ತೆ. ಅಂಕಿಯ ಸುತ್ತ ಏನಿದೆ ಅನ್ನೋದನ್ನ ಕಳಿಸಲ್ಲ. ಅದನ್ನು ಒಬ್ಬ ಮನುಷ್ಯ ಕೇಳಿಯೇ ತಿಳಿದುಕೊಳ್ಳಬೇಕು.

ಇನ್ನೊಬ್ಬರ ಪಾತ್ರವನ್ನೂ ಹೇಳಬೇಕು. ಮಾಮಾನ ಹಳ್ಳಿಗೆ ಮಾತ್ರೆ ತಲುಪಿಸಿದ್ದು ಅಲ್ಲಿನ ಆಶಾ ಕಾರ್ಯಕರ್ತೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಅಮ್ಲೋಡಿಪಿನ್ ತಂದು, ಹಳ್ಳಿಯಲ್ಲಿ ಬಿ.ಪಿ., ಶುಗರ್ ಇರುವ ಮನೆಗಳಿಗೆಲ್ಲ ಹಂಚಿ, ಯಾರಿಗೆ ಜ್ವರ ಅಂತ ಬರೆದುಕೊಂಡು ಹೋಗೋರು. ಆ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಕೇಳಿ ಮುಷ್ಕರ ಮಾಡಬೇಕಾಯ್ತು. ‘ಕನೆಕ್ಟೆಡ್’ ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಬ್ಲೂಟೂತ್‌ಗಿಂತ ಮೊದಲು ಆ ತಾಯಿಯ ಚಪ್ಪಲಿ ಸವೆದಿದ್ದು ನೆನಪಾಗುತ್ತೆ.

ಎಂಟು ಜನ ಯಾಕೆ ಹೊರಗೆ ಹೋದರು

ಈಗ ಗ್ರೂಪಿನ ವಿಷಯ. 11 ಜನರಲ್ಲಿ ಅಕ್ಕ, ಭಾವ, ಪುಣೆಯ ಚಿಕ್ಕಮ್ಮ, ಇಬ್ಬರು ಕಾಕಾಗಳು, ಅವರ ಮಕ್ಕಳು ಎಲ್ಲ ಇದ್ದರು. ಅವ್ವನ ಅಂಕಿ ಬಿದ್ದ ಕೂಡಲೇ ಪಂಚಾಯ್ತಿ ಶುರು. “ಇವತ್ತು 190 ಯಾಕ? ಮಾವಿನಹಣ್ಣು ತಿಂದಿ ಏನು?” “ಚಹಾದಾಗ ಸಕ್ರಿ ಹಾಕ್ಕೊಂಡಿರಬೇಕು.” “ಮೆಂತ್ಯ ನೆನಸಿ ಕುಡಿ.” ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು.

ಮೇ ತಿಂಗಳಲ್ಲಿ ಅಂಕಿ ಬರೋದು ನಿಂತಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಕೇಳಿದರೆ “ಸೆಲ್ ಮುಗದಾವ” ಅಂದಳು. ಪಕ್ಕದ ಮನೆ ಹುಡುಗ ನೋಡಿದ, ಸೆಲ್ ಸರಿಯಾಗಿಯೇ ಇದ್ದವು. ಆ ರಾತ್ರಿ ಫೋನಿನಲ್ಲಿ ಅವ್ವ ಬಾಯಿ ಬಿಟ್ಟಳು.

“ಯವ್ವಾ, ನೀವೆಲ್ಲ ಫೋನ್ ಮಾಡೋದು ನನ್ನ ಮಾತಾಡಸ್ಲಾಕೋ, ನನ್ನ ಸಕ್ರಿ ಮಾತಾಡಸ್ಲಾಕೋ? ಮುಂಜಾನಿ ಎದ್ದ ಕೂಡ್ಲೇ ಪರೀಕ್ಷಾ ರಿಜಲ್ಟ್ ಬಂದಂಗ ಆಗ್ಯದ. ಹೆಚ್ಚ ಬಂದ್ರ ಊರಿಗೆಲ್ಲ ಗೊತ್ತಾಗ್ತದ.”

12 ವರ್ಷ ಆ ಅಂಕಿ ಅವಳ ಮತ್ತು ಡಾಕ್ಟರ್ ನಡುವೆ ಇತ್ತು. ಚೀಟಿ ಅವಳ ಚೀಲದಲ್ಲಿ ಇರುತ್ತಿತ್ತು, ಬೇಕಾದರೆ ತೋರಿಸೋಳು, ಬೇಡವಾದರೆ “ಎಲ್ಲ ಛಲೋ ಅದ” ಅನ್ನೋಳು. ಅಷ್ಟು ಸ್ವಾತಂತ್ರ್ಯ ಯಾವ ದೊಡ್ಡ ಮನುಷ್ಯನಿಗೂ ಬೇಕು. ಮಷಿನ್ ಅದನ್ನು ಸದ್ದಿಲ್ಲದೆ ಕಿತ್ತುಕೊಂಡಿತ್ತು.

ಯಾರು ಗ್ರೂಪಿನಲ್ಲಿ ಇರಬೇಕು ಅಂತ ಅವಳನ್ನೇ ಕೇಳಿದೆವು. ಅವಳು ಮೂರು ಹೆಸರು ಹೇಳಿದಳು: ತಾನು, ನಾನು, ಡಾಕ್ಟರ್ ಹತ್ತಿರ ಕೆಲಸ ಮಾಡುವ ಸಿಸ್ಟರ್. ಉಳಿದವರಿಗೆ ಕೈಮುಗಿದು ಬೀಳ್ಕೊಟ್ಟೆವು. ಪುಣೆಯ ಚಿಕ್ಕಮ್ಮ ಒಂದು ತಿಂಗಳು ಮುನಿಸಿಕೊಂಡಿದ್ದರು. ಇನ್ನೊಂದು ಕರಾರೂ ಆಯ್ತು. ಫೋನಿನಲ್ಲಿ ಮೊದಲು ಊಟ, ನಿದ್ದೆ, ಓಣಿ ಸುದ್ದಿ, ಧಾರಾವಾಹಿ. ಅಂಕಿ ಕೊನೆಗೆ, ಅದೂ ಅವಳೇ ತೆಗೆದರೆ. ಮರುದಿನದಿಂದ ಅಂಕಿ ಮತ್ತೆ ಬರತೊಡಗಿತು.

ಶ್ರಾವಣ ಸೋಮವಾರ

ಆ ವರ್ಷದ ಶ್ರಾವಣದಲ್ಲಿ ಒಂದು ಸೋಮವಾರ ಬೆಳಗ್ಗೆ 11ಕ್ಕೆ ನನ್ನ ಫೋನಿಗೆ ಅಲರ್ಟ್ ಬಂತು: 58. 70ರ ಕೆಳಗೆ ಬಂದರೆ ಅದು ಲೋ ಶುಗರ್. ಹೆಚ್ಚಿನ ಶುಗರ್ ನಿಧಾನಕ್ಕೆ ಕೆಡಿಸುತ್ತೆ, ಕಡಿಮೆ ಶುಗರ್ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸಬಹುದು. ಅವ್ವ ಒಪ್ಪತ್ತು ಮಾಡಿದ್ದಳು, ಆದರೆ ಮಾತ್ರೆ ಎಂದಿನಂತೆ ನುಂಗಿದ್ದಳು. ಕೈ ನಡುಗಿ ಬೆವರು ಬಂದಾಗ, ಏನೋ ಸರಿಯಿಲ್ಲ ಅನ್ನಿಸಿ ತಾನೇ ಬೆರಳು ಚುಚ್ಚಿಕೊಂಡು ನೋಡಿದ್ದಾಳೆ.

ನಾನು ಬೆಂಗಳೂರಿನಲ್ಲಿ ಮೀಟಿಂಗ್ ನಡುವೆ ಇದ್ದೆ. ಅಲರ್ಟ್ ನನಗೆ ಬಂತು ಸರಿ, ಆದರೆ ನೂರಾರು ಕಿಲೋಮೀಟರ್ ದೂರದಿಂದ ಒಂದು ಚಮಚ ಸಕ್ಕರೆ ಕೊಡಲು ಆಗುತ್ತಾ? ಪಕ್ಕದ ಮನೆಯ ಕಾಕುಗೆ ಫೋನ್ ಮಾಡಿದೆ. ಅವರು ಎರಡೇ ನಿಮಿಷದಲ್ಲಿ ಸಕ್ಕರೆ ನೀರು ಕುಡಿಸಿದರು, ಮೂರು ಚಮಚ. ಹದಿನೈದು ನಿಮಿಷ ಬಿಟ್ಟು ನೋಡಿದರೆ 84. ಆಮೇಲೆ ಸಾಬುದಾಣಿ ತಿನ್ನಿಸಿದರು. ಮಧ್ಯಾಹ್ನ ಡಾಕ್ಟರ್ ಫೋನ್ ಮಾಡಿ, ಒಪ್ಪತ್ತಿನ ದಿನ ಯಾವ ಮಾತ್ರೆ ಬಿಡಬೇಕು, ಯಾವುದು ತಗೋಬೇಕು ಅಂತ ಬೇರೆ ಚೀಟಿ ಬರೆಸಿದರು. ಉಪವಾಸ ಬಿಡು ಅಂತ ಅವರು ಹೇಳಲಿಲ್ಲ. ಹೇಳಿದ್ದರೆ ಅವ್ವ ಉಪವಾಸ ಬಿಡುತ್ತಿರಲಿಲ್ಲ, ಅಂಕಿ ಕಳಿಸೋದನ್ನ ಬಿಡುತ್ತಿದ್ದಳು.

ಆಕ್ಸಿಮೀಟರ್ ದಿನಗಳು

2021ರ ಏಪ್ರಿಲ್, ಎರಡನೇ ಅಲೆ. ಬೀದರ್‌ಗೆ ಈ ಸಲ ಜೋರಾಗಿಯೇ ಬಂತು. ಎಲ್ಲರ ಬಾಯಲ್ಲೂ ಒಂದೇ ಮಾತು, ಆಕ್ಸಿಮೀಟರ್. ಬೆರಳಿನ ಒಳಗೆ ಎರಡು ಬಣ್ಣದ ಬೆಳಕು ಹಾಯಿಸಿ, ರಕ್ತ ಎಷ್ಟನ್ನು ಹೀರಿಕೊಂಡಿತು ಅಂತ ನೋಡಿ ಆಕ್ಸಿಜನ್ ಲೆಕ್ಕ ಹಾಕುವ ಪುಟ್ಟ ಕ್ಲಿಪ್. ಇದರ ಮೂಲ ತತ್ವ ಕಂಡುಹಿಡಿದ ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ ಸತ್ತಿದ್ದು 2020ರ ಏಪ್ರಿಲ್‌ನಲ್ಲಿ, ಇಡೀ ಜಗತ್ತು ಅವರ ಯಂತ್ರವನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ.

ಮಾಮಾಗೆ ಕೋವಿಡ್ ಆಯ್ತು. ಅವರ ಆಕ್ಸಿಮೀಟರ್‌ಗೆ ಬ್ಲೂಟೂತ್ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಅತ್ತಿ ಫೋಟೋ ಹೊಡೆದು ಸಿಸ್ಟರ್‌ಗೆ ಕಳಿಸೋರು. 97, 96, 96. ಐದನೇ ದಿನ 93. ಈ ಸಲ ಸಿಸ್ಟರ್ ಕೇಳಿದ್ದು, “ಕೈ ತಣ್ಣಗದಾವೇನು? ಬೆರಳ ತಿಕ್ಕಿ ಬ್ಯಾರೆ ಬೆರಳಿಗಿ ಹಾಕಿ ನೋಡ್ರಿ.” ನೋಡಿದರು, 92. ಹಾಗಾದರೆ ನಿಜ. ಆ ಸಂಜೆಯೇ ಬೀದರ್‌ನ ಆಸ್ಪತ್ರೆಗೆ ಸೇರಿಸಿದೆವು. ತಣ್ಣನೆಯ ಬೆರಳು, ಮೆಹಂದಿ, ನೇಲ್ ಪಾಲಿಶ್ ಎಲ್ಲ ಈ ಯಂತ್ರದ ದಾರಿ ತಪ್ಪಿಸಬಹುದು. ಕಪ್ಪು ಚರ್ಮದವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ಆಕ್ಸಿಜನ್ ತೋರಿಸುವ ಸಂಭವ ಜಾಸ್ತಿ ಅಂತ 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಶೋಧಕರೂ ಹೇಳಿದ್ದರು. ನಾವು ಯಾವ ಬಣ್ಣದವರು ಅಂತ ಬೇರೆ ಹೇಳಬೇಕಿಲ್ಲ.

ಆಸ್ಪತ್ರೆಯಲ್ಲಿ ಸ್ಟೆರಾಯ್ಡ್ ಕೊಟ್ಟರು, ಉಸಿರು ಸರಿಹೋಯ್ತು, ಆದರೆ ಅಲ್ಲಿಯ ತನಕ ಶುಗರ್ ಇಲ್ಲದ ಮಾಮಾಗೆ 280 ಬಂತು. ಸ್ಟೆರಾಯ್ಡ್ ಶುಗರ್ ಏರಿಸುತ್ತೆ. ಏರಿದ ಶುಗರ್ ಮತ್ತು ಸ್ಟೆರಾಯ್ಡ್ ಸೇರಿದ ಕಡೆ ಬ್ಲ್ಯಾಕ್ ಫಂಗಸ್ ಹೊಂಚು ಹಾಕುತ್ತಿದ್ದ ದಿನಗಳು ಅವು. ಅವ್ವನ ಮನೆಯ ಹಳೆ ಗ್ಲುಕೋಮೀಟರ್ ಮಾಮಾನ ಮನೆಗೆ ಹೋಯ್ತು. ಹೇಗೆ ನೋಡಿಕೊಳ್ಳಬೇಕು ಅಂತ ಫೋನಿನಲ್ಲಿ ಹೇಳಿಕೊಟ್ಟವಳು ಅವ್ವ: “ಬೆರಳ ನಟ್ಟನಡುವ ಚುಚ್ಚಬ್ಯಾಡ ಅಣ್ಣಾ, ಬಾಜೂಕ ಚುಚ್ಚು.” ಎರಡು ತಿಂಗಳಲ್ಲಿ ಮಾಮಾನ ಶುಗರ್ ಹತೋಟಿಗೆ ಬಂತು.

ಮಷಿನ್ ಕೊಡಿಸುವ ಮುಂಚೆ

ಆ 2021ರ ಜುಲೈನಲ್ಲಿ ಸರ್ಕಾರ ಗ್ಲುಕೋಮೀಟರ್, ಬಿ.ಪಿ. ಮಷಿನ್, ಆಕ್ಸಿಮೀಟರ್, ನೆಬ್ಯುಲೈಸರ್, ಡಿಜಿಟಲ್ ಥರ್ಮಾಮೀಟರ್ ಈ ಐದರ ಮೇಲಿನ ವ್ಯಾಪಾರದ ಲಾಭಕ್ಕೆ ಶೇ 70ರ ಮಿತಿ ಹಾಕಿತು. ಈಗ ಇವು ಎಲ್ಲ ಊರಲ್ಲೂ ಸಿಗುತ್ತವೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಶುಗರ್ ಇದೆ. ಹಾಗಾಗಿ ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು, ನೀವೂ ದೂರದ ಊರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ಮಷಿನ್ ಹುಡುಕುತ್ತಿರಬಹುದು. ಖಂಡಿತ ಕೊಡಿಸಿ. ಆದರೆ ಮಷಿನ್‌ಗಿಂತ ಸ್ಟ್ರಿಪ್ ದುಬಾರಿ. ಒಂದಕ್ಕೆ 20-30 ರೂಪಾಯಿ ಅಂದರೆ ದಿನಕ್ಕೆ ಎರಡರಂತೆ ತಿಂಗಳಿಗೆ ಎಷ್ಟಾಯ್ತು ನೋಡಿ. ದಿನಾ ಬೇಕೋ, ವಾರಕ್ಕೆರಡು ಸಲ ಸಾಕೋ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

ಅಂಕಿ ಬಂದರೆ ಯಾರು ನೋಡ್ತಾರೆ, ಯಾರು ಉತ್ತರ ಕೊಡ್ತಾರೆ ಅನ್ನೋದನ್ನ ಮೊದಲೇ ಗೊತ್ತುಮಾಡಿಕೊಳ್ಳಿ. ಯಾರೂ ನೋಡದ ಅಂಕಿ ಆ್ಯಪ್‌ನಲ್ಲಿ ಬಿದ್ದಿದ್ದರೆ ಅದು ಚಿಕಿತ್ಸೆಯಲ್ಲ, ಬರೀ ದಾಖಲೆ. ಎರಡು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲ ಒಬ್ಬರ ನಂಬರ್ ಇಟ್ಟುಕೊಳ್ಳಿ. ಯಾರ್ಯಾರು ನೋಡಬಹುದು ಅನ್ನೋದನ್ನ ಯಾರ ರಕ್ತವೋ ಅವರೇ ಹೇಳಲಿ.

ಬಸ್ಸು, ರೈಲು ಶುರುವಾಗಿ ಎಲ್ಲ ಸರಿಹೋದ ಮೇಲೂ ಡಾಕ್ಟರ್ ಅವ್ವನಿಗೆ ಫೋನಿನಲ್ಲೇ ನೋಡಬಹುದು ಅಂದಿದ್ದರು. ಆದರೆ ಮೂರು ತಿಂಗಳಿಗೊಮ್ಮೆ ಬರಲೇಬೇಕು ಅಂತಲೂ ಸೇರಿಸಿದರು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕಣ್ಣಿನ ಪರದೆ, ಕಿಡ್ನಿ, ಪಾದದ ಸ್ಪರ್ಶ ಇವನ್ನು ನಮ್ಮ ಮನೆಯ ಯಾವ ಮಷಿನ್ನೂ ನೋಡಲ್ಲ. ಶುಗರ್ ಇದ್ದವರಿಗೆ ಪಾದದಲ್ಲಿ ಗಾಯವಾದರೂ ಗೊತ್ತಾಗದೆ ಇರಬಹುದು, ಒಬ್ಬರು ಕೂತು ಮುಟ್ಟಿ ನೋಡಬೇಕು. ಅವ್ವ ಈ ಮಾತಿಗೆ ಖುಷಿಯಿಂದ ಒಪ್ಪಿದಳು. ಮಾಮಾಗೂ ಅದೇ ದಿನಕ್ಕೆ ಪಾಳಿ ಹಚ್ಚಿಸಿದಳು. ಒಂದು ವರ್ಷ ಅಣ್ಣ-ತಂಗಿ ದಿನಾ ಒಬ್ಬರ ಅಂಕಿ ಒಬ್ಬರು ಕೇಳಿದ್ದರು, ಮುಖ ನೋಡಿರಲಿಲ್ಲ.

ನೀವು ಈ ವಾರ ಊರಿಗೆ ಫೋನ್ ಮಾಡ್ತೀರಲ್ಲ, ಬಿ.ಪಿ. ಎಷ್ಟು ಬಂತು ಅಂತ ಕೇಳುವ ಮೊದಲು ಎಲ್ಲಿ ಕೂತು ನೋಡಿಕೊಂಡಿರಿ ಅಂತ ಕೇಳಿ. ಅವರು ಮೆಟ್ಟಿಲ ಕಥೆ ಹೇಳಬಹುದು, ಸೊಸೆ ಕಥೆ ಹೇಳಬಹುದು, ಹೊಲದ ತೊಗರಿ ಕಥೆಯನ್ನೂ ಹೇಳಬಹುದು. ನಡುವೆ ಬಾಯಿ ಹಾಕಬೇಡಿ, ಪೂರ್ತಿ ಕೇಳಿ. ಡಾಕ್ಟರ್‌ಗೆ ಬೇಕಾದ ಮಾತು ಹೆಚ್ಚಾಗಿ ಅದರಲ್ಲೇ ಇರುತ್ತೆ.